ಬಿಟ್ಟುಹೋದ ಎತ್ವ

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಅವಳು ಟೈಪು ಮಾಡಿದ ಹಾಳೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ, ಹುಡುಕಿದರೂ ಒಂದು ಸುಕ್ಕು ಸಿಗುವುದಿಲ್ಲ ಎಂದು ಯಾವ ಕಾಲದಲ್ಲೋ ಒಬ್ಬ ವಕೀಲರು ಹೊಗಳಿದ್ದು ಹೆಸರಾಗಿ ಅಂಟಿಕೊಂಡಿತ್ತು. ಇಪ್ಪತ್ತೆರಡು ವರ್ಷದಿಂದ ಅವಳದು ಅದೇ ಮೇಜು, ಅದೇ ಕೆಲಸ. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನು ಹೇಳಿದ ವೇಗದಲ್ಲೇ ಶೀಘ್ರಲಿಪಿಯಲ್ಲಿ ಗೀಚಿಕೊಳ್ಳುವುದು, ಆಮೇಲೆ ಟೈಪು ಮಾಡುವುದು, ಸಾಕ್ಷಿಗೆ ಓದಿ ಹೇಳಿ ಸಹಿ ಹಾಕಿಸುವುದು. ಯಾರಾದರೂ ಹೊಗಳಿದರೆ "ಅಯ್ಯೋ, ಬಿಡಿ" ಎನ್ನುತ್ತಿದ್ದಳು, ಒಳಗೊಳಗೇ ಉಬ್ಬುತ್ತಿದ್ದಳು. ಉಬ್ಬಲಿ, ಸಂಬಳ ಬಿಟ್ಟರೆ ಆ ಕೆಲಸದಲ್ಲಿ ಸಿಗುವುದು ಅದೊಂದೇ.

ಆ ಗುರುವಾರ ಮಧ್ಯಾಹ್ನ ಅವಳು ನ್ಯಾಯಾಧೀಶರ ಕೋಣೆಯಲ್ಲಿ ಕೂತು ಚುನಾವಣೆ ಕೇಸಿನ ತೀರ್ಪು ಬರೆದುಕೊಳ್ಳುತ್ತಿದ್ದಳು. ಮಾರನೇ ದಿನ ಹನ್ನೊಂದು ಗಂಟೆಗೆ ಅದನ್ನು ತುಂಬಿದ ಕೋರ್ಟಿನಲ್ಲಿ ಓದಬೇಕು. ಊರಿನ ಅಧ್ಯಕ್ಷರ ಚುನಾವಣೆ. ಗೆದ್ದವರು ಗೆದ್ದದ್ದು ಒಂಬತ್ತೇ ಮತದಿಂದ. ಏಳನೇ ಪೆಟ್ಟಿಗೆಯ ಅರಗಿನ ಮುದ್ರೆಯನ್ನು ಗೆದ್ದವರ ಏಜೆಂಟನೇ ಎಣಿಕೆಗೆ ಮೊದಲು ಒಡೆದಿದ್ದಾನೆ, ಒಳಗೆ ಕೈಯಾಡಿಸಿದ್ದಾನೆ ಎಂದು ಸೋತವರು ಕೋರ್ಟಿಗೆ ಬಂದು ಏಳು ತಿಂಗಳಾಗಿತ್ತು. ಈ ಏಳು ತಿಂಗಳಲ್ಲಿ ಊರಿಗೆ ಊರೇ ಸೀಳಿಹೋಗಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕ್ಷೌರದಂಗಡಿಯವನು ಜಗಳ ತಡೆಯಲಾರದೆ ಗೆದ್ದವರಿಗೊಂದು ಬೆಂಚು, ಸೋತವರಿಗೊಂದು ಬೆಂಚು ಹಾಕಿಸಿದ್ದ. ಆದರೂ ಎಲ್ಲರೂ ಒಂದು ಮಾತಿಗೆ ಬಂದು ನಿಲ್ಲುತ್ತಿದ್ದರು. "ಕೋರ್ಟು ಹೇಳ್ಲಿ, ನೋಡೋಣ."

ಆ ಏಜೆಂಟ್ ಬೇರೆ ಯಾರೂ ಅಲ್ಲ, ಅವಳ ಎದುರು ಮನೆಯ ಟೈಲರಣ್ಣ.

ಕೇಸೆಲ್ಲ ನಿಂತದ್ದು ಒಬ್ಬ ಮೇಷ್ಟ್ರ ಸಾಕ್ಷಿಯ ಮೇಲೆ. ಎಣಿಕೆಯ ದಿನ ಏಳನೇ ಪೆಟ್ಟಿಗೆ ಅವರ ಸುಪರ್ದಿಯಲ್ಲಿತ್ತು. ಎಲ್ಲ ಏಜೆಂಟರ ಎದುರಿಗೆ ಮುದ್ರೆ ಒಡೆಯಬೇಕಾದವರು ಅವರೇ. ಸಾಕ್ಷಿಯ ಹದಿನಾಲ್ಕನೇ ಹಾಳೆಯಲ್ಲಿ ಅವರು ಹೇಳಿದ್ದು ಹೀಗೆ ಟೈಪಾಗಿತ್ತು: "ಟೈಲರ್ ಪೆಟ್ಟಿಗೆ ಪಕ್ಕದಲ್ಲೇ ನಿಂತಿದ್ದ. ಎಣಿಕೆ ಗಂಟೆ ಬಾರಿಸೋ ಹೊತ್ತಿಗೆ ಮುದ್ರೆ ಒಡೆದಿದ್ದ." ಕೆಳಗೆ 'ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು' ಎಂಬ ಸಾಲು, ಅದರ ಕೆಳಗೆ ಮೇಷ್ಟ್ರ ಸಹಿ.

ಎರಡು ತಿಂಗಳ ಹಿಂದೆ ಸಾಕ್ಷಿಯ ಪ್ರತಿ ವಕೀಲರ ಕೈಗೆ ಹೋದದ್ದೇ ತಡ, ಮೇಷ್ಟ್ರು ಏದುಸಿರು ಬಿಡುತ್ತ ಓಡಿಬಂದಿದ್ದರು. "ನಾನು ಹಾಗೆ ಹೇಳೇ ಇಲ್ಲ!" ಎಂದು ಬಾಯಿ ಬಡಿದುಕೊಂಡಿದ್ದರು. ಯಾರು ಕೇಳಬೇಕು? ಗೆದ್ದವರು ಮೇಷ್ಟ್ರ ಬಾಯಿಗೆ ಏನೋ ಹಾಕಿದ್ದಾರೆ ಎಂದರು ಜನ. ನ್ಯಾಯಾಧೀಶರು ಅವಳನ್ನು ಕರೆದು ಕೇಳಿದ್ದರು. ಅವಳು ನೆಟ್ಟಗೆ ನಿಂತು, "ಅವರು ಹೇಳಿದ್ದೇ ಬರ್ದಿದ್ದೀನಿ ಸರ್. ನನ್ನ ಕೈಯಲ್ಲಿ ಹಾಗೆಲ್ಲ ತಪ್ಪಾಗಲ್ಲ" ಎಂದಿದ್ದಳು. ಶೀಘ್ರಲಿಪಿಯ ಪುಸ್ತಕ ತೆಗೆದು ನೋಡಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ, ನೋಡು ಎಂದು ಯಾರೂ ಹೇಳಲಿಲ್ಲ. ಇಸ್ತ್ರಿಯಕ್ಕ ಹೇಳಿದ ಮೇಲೆ ಮುಗಿಯಿತಲ್ಲ. ಮೇಷ್ಟ್ರು ಅಂದು ಅವಳ ಮುಖವನ್ನೊಮ್ಮೆ ನೋಡಿ, ಕೊಡೆ ತೆಗೆದುಕೊಂಡು ಹೊರಟುಹೋಗಿದ್ದರು.

ಈಗ ನ್ಯಾಯಾಧೀಶರು ಅದನ್ನೇ ತೀರ್ಪಿಗೆ ಸೇರಿಸುತ್ತಿದ್ದರು. "ಈ ನ್ಯಾಯಾಲಯದ ಶೀಘ್ರಲಿಪಿಗಾರ್ತಿಯ ಮಾತನ್ನು ನಂಬದಿರಲು ಯಾವ ಕಾರಣವೂ ಕಾಣುವುದಿಲ್ಲ. ಚುನಾವಣೆಯನ್ನು ರದ್ದುಪಡಿಸಲಾಗಿದೆ. ಮುದ್ರೆ ಒಡೆದ ಏಜೆಂಟನ ಮೇಲೆ ಮೊಕದ್ದಮೆ ಹೂಡತಕ್ಕದ್ದು." ಅವಳ ಪೆನ್ನು ಓಡುತ್ತಲೇ ಇತ್ತು. ಟೈಲರಣ್ಣನನ್ನು ನೆನೆದು ಅಯ್ಯೋ ಎನ್ನಿಸಿತು, ನಿಜ. ಆದರೆ ಮಾಡಿದವನು ಅನುಭವಿಸಬೇಕಲ್ಲ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು.

ನಾಲ್ಕು ಗಂಟೆಗೆ ಮೊದಲ ಹಾಳೆಗಳನ್ನು ಟೈಪು ಮಾಡಿ ತಂದುಕೊಟ್ಟಳು. ನ್ಯಾಯಾಧೀಶರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಿದ್ದವರು ಇದ್ದಕ್ಕಿದ್ದಂತೆ ನಕ್ಕರು.

"ಏನಮ್ಮ ಇದು? ನಿಮ್ಮ ಕೈಯಲ್ಲೂ ಹೀಗಾಗುತ್ತಾ?"

ಹಾಳೆಯಲ್ಲಿ ಹೀಗಿತ್ತು: 'ಸ್ಥಳ ತನಿಖೆಯ ದಿನ ವಕೀಲರ ಗುಮಾಸ್ತ ಹಾಜರಿದ್ದ. ಪೆಟ್ಟಿಗೆಯನ್ನು ಸ್ವತಃ ಪರಿಶೀಲಿಸಿದ್ದ.'

"ಪರಿಶೀಲಿಸಿದ್ದು ಗುಮಾಸ್ತ ಅಲ್ಲಮ್ಮ, ನಾನು! 'ಪರಿಶೀಲಿಸಿದ್ದೆ' ಅಂದಿದ್ದು. ಒಂದು ಎತ್ವ ಬಿಟ್ಟು ನನ್ನ ಕುರ್ಚಿನೇ ಗುಮಾಸ್ತನಿಗೆ ಕೊಟ್ರಲ್ಲ!"

ಅವಳೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಹಾಜರಿದ್ದ, ಪರಿಶೀಲಿಸಿದ್ದ. ನಿಂತಿದ್ದ, ಒಡೆದಿದ್ದ. ಕೈ ಸುಸ್ತಾಗಿದ್ದಾಗ ಹಿಂದಿನ ವಾಕ್ಯದ ಬಾಲವನ್ನೇ ಮುಂದಿನ ವಾಕ್ಯಕ್ಕೂ ಅಂಟಿಸಿಬಿಡುತ್ತದೆ. ಇಲ್ಲೂ, ಮೇಷ್ಟ್ರ ಸಾಕ್ಷಿಯಲ್ಲೂ 'ನಾನು' ಎಂಬ ಮಾತಿಲ್ಲ. ಆಡುವಾಗ ಯಾರು ಪ್ರತಿ ಸಲ ನಾನು, ನಾನು ಎನ್ನುತ್ತಾರೆ? ಯಾರು ಮಾಡಿದ್ದು ಎಂಬುದೆಲ್ಲ ಕೊನೆಯ ಆ ಒಂದು ಅಕ್ಷರದಲ್ಲಿದೆ.

"ಯಾಕಮ್ಮ, ಹುಷಾರಿಲ್ವಾ?" ಎಂದರು ನ್ಯಾಯಾಧೀಶರು.

"ಏನಿಲ್ಲ ಸರ್. ಸರಿಮಾಡಿ ತರ್ತೀನಿ" ಎಂದು ಹೊರಗೆ ಬಂದಳು.

ಹಳೆಯ ಪುಸ್ತಕಗಳಿದ್ದ ಬೀರು ದಾಖಲೆ ಕೋಣೆಯಲ್ಲಿತ್ತು. ಚುನಾವಣೆ ಕೇಸಿನ ಪುಸ್ತಕ ತೆಗೆದು ಆ ದಿನದ ಪುಟ ಹುಡುಕಿದಳು. ಪುಟ ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಶೀಘ್ರಲಿಪಿಯಲ್ಲಿ ಕೊನೆಯ ಸ್ವರ ಗುರುತು ಮಾಡುವಷ್ಟು ಪುರುಸೊತ್ತು ಇರುವುದಿಲ್ಲ. ಅಲ್ಲಿದ್ದದ್ದು ಬರೀ ಒಂದು ಬಾಗಿದ ಗೆರೆ. ಅದನ್ನು 'ಒಡೆದಿದ್ದೆ' ಎಂದೂ ಓದಬಹುದು, 'ಒಡೆದಿದ್ದ' ಎಂದೂ ಓದಬಹುದು. ಮೇಷ್ಟ್ರು ಟೈಲರಣ್ಣನನ್ನು 'ನಿಂತಿದ್ರು' ಎಂದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಅವನು ಅವರ ಹಳೆಯ ಶಿಷ್ಯ, ಏಕವಚನ ಬಾಯಿಗೆ ರೂಢಿ.

ಗೆರೆಯ ಪಕ್ಕದಲ್ಲಿ ಇನ್ನೊಂದು ಗುರುತಿತ್ತು. ಒಂದು ಸಣ್ಣ ಆವರಣ, ಅದರೊಳಗೆ 'ಕೈ'. ಸಾಕ್ಷಿ ಕೈಸನ್ನೆ ಮಾಡಿದರೆ ಹಾಗೆ ಬರೆದುಕೊಳ್ಳುವುದು ಅವಳ ಅಭ್ಯಾಸ. ಟೈಪು ಮಾಡುವಾಗ ಅದನ್ನು ಬಿಟ್ಟುಬಿಡುತ್ತಾರೆ. ನೋಡುತ್ತಿದ್ದಂತೆ ಅವಳಿಗೆ ಎಲ್ಲ ನೆನಪಾಯಿತು. ಮೇಷ್ಟ್ರು ಬಲಗೈ ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದ್ದರು. ಅರಗಿನ ಚೂರು ಉಗುರಿನ ಸಂದಿಗೆ ಚುಚ್ಚಿತ್ತು ಎಂದು ಆಮೇಲೆ ಸಹಿ ಹಾಕುವಾಗ ಗೊಣಗಿದ್ದರು. ಕಟಕಟೆಯಲ್ಲೂ ಅದನ್ನು ಉಜ್ಜಿಕೊಂಡಿದ್ದರು. ಟೈಲರಣ್ಣ ಒಡೆದಿದ್ದರೆ ಮೇಷ್ಟ್ರ ಉಗುರಿಗೆ ಯಾಕೆ ಚುಚ್ಚುತ್ತದೆ?

ಓದಿ ಹೇಳುವ ವಿಷಯವೂ ನೆನಪಾಯಿತು. ಅಂದು ಐದೂವರೆಯಾಗಿತ್ತು. ಮೇಷ್ಟ್ರು ಬಸ್ಸಿಗೆ ಹೊರಡುವ ಅವಸರದಲ್ಲಿದ್ದಂತೆ ಕಂಡರು. "ಓದಿ ಹೇಳ್ಲಾ ಮೇಷ್ಟ್ರೇ?" ಎಂದು ಕೇಳಿದ್ದಳು. "ಬೇಡಮ್ಮ, ಎಲ್ಲಿ ಸಹಿ ಹಾಕ್ಲಿ ಹೇಳಿ" ಎಂದಿದ್ದರು. 'ಓದಿ ಹೇಳಲಾಯಿತು' ಎಂಬ ಸಾಲು ಮೊದಲೇ ಅಚ್ಚಾಗಿ ಕೂತಿತ್ತು, ಎಲ್ಲ ಸಾಕ್ಷಿಗಳಿಗೂ ಇರುವ ಹಾಗೆ.

ಹಿಂದಿನಿಂದ ಕೆಮ್ಮಿದ ಸದ್ದಾಯಿತು. ಶಿರಸ್ತೇದಾರರು. ನಿವೃತ್ತಿಗೆ ಐದು ತಿಂಗಳಿದ್ದ ಮನುಷ್ಯ, ಕಚೇರಿಯ ಎಲ್ಲ ಗುಟ್ಟೂ ಅವರ ಹೊಟ್ಟೆಯಲ್ಲಿ. ತಡೆಯಲಾರದೆ ಅವರ ಮುಂದೆ ಎಲ್ಲ ಹೇಳಿಬಿಟ್ಟಳು. ಅವರು ಬಾಗಿಲು ಮುಂದೆ ಮಾಡಿ ತಲೆ ಕೆರೆದುಕೊಂಡರು.

"ಒಂದು ಎತ್ವ ತಾನೆ? ಪೆನ್ನಲ್ಲಿ ಎಳೆದುಬಿಡು ಅಂತಿದ್ದೆ. ಪ್ರತಿಗಳು ಆಗ್ಲೇ ಎರಡೂ ಕಡೆ ವಕೀಲರ ಹತ್ರ ಇವೆ, ಅದೂ ಆಗಲ್ಲ."

"ಸರ್, ಏನ್ ಮಾತಾಡ್ತೀರಾ ನೀವು!"

"ತಮಾಷೆಗಮ್ಮ. ಕೇಳಿಲ್ಲಿ. ಸುಮ್ನಿದ್ದುಬಿಡು. ಮೇಲೆ ಇನ್ನೊಂದು ಕೋರ್ಟಿದೆ, ಅವರು ನೋಡ್ಕೋತಾರೆ. ಈಗ ಬಾಯಿ ಬಿಟ್ರೆ ಮೊದಲು ನಿನ್ನ ಕೆಲಸಕ್ಕೆ ಕುತ್ತು. ಅದು ಹಾಳಾಗ್ಲಿ ಅಂದ್ಕೋ, ಟೈಲರ್ ಮನೆ ನಿನ್ನ ಮನೆ ಎದುರಿಗೇ ಇದೆ. ತೀರ್ಪಿನ ಹಿಂದಿನ ದಿನ ಇದ್ದಕ್ಕಿದ್ದಂಗೆ ನಿನಗೆ ನೆನಪಾಯ್ತು ಅಂದ್ರೆ ಊರು ನಂಬುತ್ತಾ? ಕೋರ್ಟ್ ದಾಖಲೆನೇ ಹೀಗೆ ಅಂದ್ರೆ ನಾಳೆಯಿಂದ ಯಾವ ಕೇಸನ್ನ ಯಾರು ನಂಬ್ತಾರೆ? ಒಬ್ಬ ಟೈಲರ್‌ಗೋಸ್ಕರ ಇಡೀ ಕೋರ್ಟಿನ ಮಾನ ಹರಾಜಿಗಿಡ್ತೀಯಾ?"

ಅದೇ ಅವಳನ್ನು ಕಂಗೆಡಿಸಿದ್ದು. ಶಿರಸ್ತೇದಾರರು ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು.

ಸಂಜೆ ಬೀದಿಗೆ ತಿರುಗುವಾಗ ಟೈಲರ್ ಅಂಗಡಿಯ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಮುಂಗಟ್ಟಿನ ಗಾಜಿಗೆ ಯಾರೋ ಕಲ್ಲು ಹೊಡೆದು ಹತ್ತು ದಿನವಾಗಿತ್ತು, ಅಲ್ಲಿಗೆ ಟೈಲರಣ್ಣ ರಟ್ಟು ಅಂಟಿಸಿದ್ದ. ಮೊದಲೆಲ್ಲ ಬಟ್ಟೆ ನೇತುಹಾಕಲು ಮೊಳೆ ಸಾಲದೆ ಒದ್ದಾಡುತ್ತಿದ್ದವನ ಗೋಡೆಯಲ್ಲಿ ಈಗ ಬರೀ ಮೊಳೆಗಳು. ಅವಳ ಮಗಳ ಶಾಲೆಯ ಸಮವಸ್ತ್ರವೊಂದೇ ನೇತಾಡುತ್ತಿತ್ತು. ಅವನು ಯಂತ್ರದ ಮುಂದೆ ಕೂತು, ಹೊಲಿಯಲು ಏನೂ ಇಲ್ಲದೆ, ಅದಕ್ಕೆ ಎಣ್ಣೆ ಬಿಡುತ್ತಿದ್ದ.

"ಬನ್ನಿ ಅಕ್ಕಾ. ಪುಟ್ಟಿದು ರೆಡಿ ಇದೆ. ಅಂಚು ಎರಡು ಬೆರಳು ಜಾಸ್ತಿ ಬಿಟ್ಟಿದ್ದೀನಿ, ಬೆಳೀತಾಳಲ್ಲ."

ಅವಳು ಬಟ್ಟೆ ತೆಗೆದುಕೊಂಡಳು.

"ನಾಳೆ ತೀರ್ಪಂತೆ" ಎಂದ ಅವನು, ಎಣ್ಣೆ ಡಬ್ಬಿಯ ಮೇಲೇ ಕಣ್ಣಿಟ್ಟು. "ನಿಮ್ಮನ್ನ ಏನೂ ಕೇಳಲ್ಲ, ನಿಮ್ಮ ಕೆಲಸ ಅಂಥದ್ದು. ಮನೇಲಿ ಇವಳು ಮಕ್ಕಳನ್ನ ತವರಿಗೆ ಕರ್ಕೊಂಡು ಹೋಗ್ತೀನಿ ಅಂತ ಗಂಟುಮೂಟೆ ಕಟ್ಟಿದ್ದಾಳೆ. ಒಂದೇ ಒಂದು ಹೇಳಿ ಅಕ್ಕಾ. ನಾಳೆ ಅಂಗಡಿ ತೆಗೀಲಾ, ಬೇಡ್ವಾ?"

ತೀರ್ಪಿನ ಒಂದು ಅಕ್ಷರವನ್ನೂ ಹೊರಗೆ ಬಿಡುವ ಹಾಗಿಲ್ಲ. ತಲೆಯಾಡಿಸಿದರೂ ತಪ್ಪು. "ಬರ್ತೀನಿ ಅಣ್ಣ" ಎಂದಷ್ಟೇ ಹೇಳಿ ರಸ್ತೆ ದಾಟಿದಳು. ಬೆನ್ನಿನ ಮೇಲೆ ಅವನ ಕಣ್ಣಿತ್ತು.

ಮನೆಯಲ್ಲಿ ಒಲೆ ಮೇಲಿಟ್ಟ ಹಾಲು ಉಕ್ಕಿ ಹರಿದರೂ ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಅತ್ತೆ ಬಂದು ಉರಿ ಆರಿಸಿದರು. "ಹಾಲು ಉಕ್ಕೋದು ನೋಡೋಕೆ ಟಿಕೆಟ್ ಇಟ್ಟಿದ್ದಾರೇನೆ? ಯಾವ ಲೋಕದಲ್ಲಿದ್ದೀಯ?"

"ಅತ್ತೆ, ನೀವು ಯಾರ ಮೇಲಾದ್ರೂ ತಪ್ಪು ಹೊರಿಸಿದ್ರೆ, ಆಮೇಲೆ ಗೊತ್ತಾದ್ರೆ, ಏನ್ ಮಾಡ್ತಿದ್ರಿ?"

"ನಿನ್ನ ಮೇಲೆ ದಿನಾ ಹೊರಿಸ್ತೀನಲ್ಲ, ಏನ್ ಮಾಡಿದ್ದೀನಿ?" ಎಂದು ಅತ್ತೆ ನಕ್ಕರು. ಸೊಸೆಯ ಮುಖ ನೋಡಿ ನಗು ನಿಲ್ಲಿಸಿದರು. "ಏನೋ ಮಾಡ್ಕೊಂಡಿದ್ದೀಯ. ಕೇಳಲ್ಲ ಬಿಡು. ಮೊದಲು ಊಟ ಮಾಡು."

ಅವಳು ತಟ್ಟೆ ಹಾಕಿಕೊಂಡು ಕೂತಳು.

ಶುಕ್ರವಾರ ಹತ್ತು ಗಂಟೆಗೆ ಕೋರ್ಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಡಕ್ಕೆ ಗೆದ್ದವರು, ಬಲಕ್ಕೆ ಸೋತವರು, ನಡುವೆ ಪೊಲೀಸರ ಸಾಲು. "ಇಸ್ತ್ರಿಯಕ್ಕ ಬಂದ್ರು, ದಾರಿ ಬಿಡಿ, ದಾರಿ ಬಿಡಿ" ಎಂದು ಎರಡೂ ಕಡೆಯವರು ಸರಿದು ನಿಂತರು. ಪಕ್ಷ ಯಾವುದಾದರೂ ಅವಳಿಗೆ ದಾರಿ ಸಿಗುತ್ತಿತ್ತು. ಇಂದೇ ಕೊನೆಯೇನೋ ಎನ್ನಿಸಿ ಅವಳಿಗೆ ಅಳು ಬಂತು.

ನೇರವಾಗಿ ನ್ಯಾಯಾಧೀಶರ ಕೋಣೆಗೆ ಹೋದಳು. ಪುಸ್ತಕವನ್ನು, ನಿನ್ನೆಯ ತಪ್ಪು ಹಾಳೆಯನ್ನು ಮೇಜಿನ ಮೇಲಿಟ್ಟಳು. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನ್ಯಾಯಾಧೀಶರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಎರಡು ತಿಂಗಳ ಹಿಂದೆ ಇದೇ ಜಾಗದಲ್ಲಿ ನಿಂತು ಏನಂದಿದ್ರಿ?"

"ನನ್ನ ಕೈಯಲ್ಲಿ ತಪ್ಪಾಗಲ್ಲ ಅಂದಿದ್ದೆ ಸರ್."

"ಆ ಟೈಲರ್ ನಿಮಗೆ ಪರಿಚಯ ಅಲ್ವಾ?"

"ಎದುರು ಮನೆ ಸರ್."

"ಹಾಗಾದ್ರೆ ಇವತ್ತಿನ ಮಾತನ್ನ ನಾನು ಯಾಕೆ ನಂಬಬೇಕು?"

ಮುಖಕ್ಕೆ ಹೊಡೆದಂತಾಯಿತು. ಆ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. "ನಂಬಬೇಡಿ ಸರ್" ಎಂದಳು. "ಮೇಷ್ಟ್ರನ್ನ ಕರೆಸಿ ಕೇಳಿ. ಅವರು ಅವತ್ತು ಕೈ ಎತ್ತಿ ಏನು ತೋರಿಸಿದ್ರು ಅಂತ ಕೇಳಿ. ಅದನ್ನ ನಾನು ಟೈಪೇ ಮಾಡಿಲ್ಲ, ಯಾರ ಪ್ರತಿಯಲ್ಲೂ ಇಲ್ಲ. ಈ ಪುಸ್ತಕದಲ್ಲಿ ಮಾತ್ರ ಇದೆ."

ನ್ಯಾಯಾಧೀಶರು ಪುಸ್ತಕ ಎಳೆದುಕೊಂಡು ಆ ಪುಟ್ಟ ಆವರಣವನ್ನು ಬಹಳ ಹೊತ್ತು ನೋಡಿದರು. ಹೊರಗೆ ಯಾರೋ ಘೋಷಣೆ ಕೂಗುತ್ತಿದ್ದರು.

"ತೀರ್ಪು ಓದದಿದ್ರೆ ಕೋರ್ಟನ್ನ ಕೊಂಡ್ಕೊಂಡ್ರು ಅಂತಾರೆ. ಗೊತ್ತಲ್ಲ?"

"ಗೊತ್ತು ಸರ್."

"ಬಾಗಿಲು ಹಾಕ್ಕೊಂಡು ಇಲ್ಲೇ ಸರಿಮಾಡೋ ವಿಷಯ ಅಲ್ಲ ಇದು. ಎಲ್ಲರ ಎದುರಿಗೆ ಕಟಕಟೆ ಹತ್ತಬೇಕು, ಪ್ರಮಾಣ ಮಾಡಿ ಹೇಳ್ಬೇಕು. ಇಬ್ಬರು ವಕೀಲರೂ ನಿಮ್ಮನ್ನ ಹರಿದು ಹಂಚ್ತಾರೆ. ಇವತ್ತಿಂದ ನಿಮ್ಮ ಕೆಲಸಾನೂ ಅಮಾನತು."

ಅವಳು ತಲೆಯಾಡಿಸಿದಳು. ಸದ್ದಿಲ್ಲದೆ ಸರಿಹೋಗಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತು. ಅದೂ ಹೋಯಿತು.

ಹನ್ನೊಂದು ಗಂಟೆಗೆ ಅವಳು ಕಟಕಟೆಯಲ್ಲಿದ್ದಳು. ಇಷ್ಟು ವರ್ಷ ಐದು ಅಡಿ ದೂರದಲ್ಲಿ ಕೂತು ನೋಡಿದ್ದ ಆ ಮರದ ಕಂಬಿ ಸಾವಿರಾರು ಬೆವರುಗೈಗಳಿಂದ ನುಣುಪಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಕುರ್ಚಿಯಲ್ಲಿ ಪಕ್ಕದ ಕೋರ್ಟಿನ ಬೆರಳಚ್ಚುಗಾರ ಕೂತಿದ್ದ. ಸೋತವರ ವಕೀಲರು ಬಿಟ್ಟಾರೆಯೇ? ಎದುರು ಮನೆಯ ನಂಟೆಷ್ಟು, ಯಾರು ಹೇಳಿಕೊಟ್ಟರು, ನಿನ್ನೆ ಸಂಜೆ ಟೈಲರ್ ಅಂಗಡಿಯಲ್ಲಿ ಏನು ಕೆಲಸ? "ಮಗಳ ಬಟ್ಟೆ ತರೋಕೆ" ಎಂದಾಗ ಅರ್ಧ ಕೋರ್ಟು ಗೊಳ್ಳೆಂದು ನಕ್ಕಿತು. "ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಎತ್ವ ನುಂಗಿದ್ದೀರಿ?" ಎಂದು ಅವರು ಕೇಳಿದಾಗ ಯಾರೂ ನಗಲಿಲ್ಲ. "ಗೊತ್ತಿಲ್ಲ" ಎಂದಳು. ಇಡೀ ದಿನ ಅವಳು ಆಡಿದ ಮಾತಿನಲ್ಲಿ ಅದೇ ಅವಳಿಗೆ ಹೆಚ್ಚು ನೋವಾದದ್ದು.

ಆಮೇಲೆ ಪೊಲೀಸರು ಮೇಷ್ಟ್ರನ್ನು ಕರೆತಂದರು. ಅವರಿಗೆ ಒಂದೇ ಪ್ರಶ್ನೆ. ಅವರು ಒಂದು ಮಾತೂ ಆಡದೆ ಬಲಗೈ ಹೆಬ್ಬೆರಳು ಎತ್ತಿ, ಎಡಗೈಯಿಂದ ಅದರ ಉಗುರನ್ನು ಉಜ್ಜಿ ತೋರಿಸಿದರು. "ಒಡೆಯೋವಾಗ ಅರಗು ಚುಚ್ಚಿತ್ತು, ಅದನ್ನೇ ತೋರಿಸಿದ್ದೆ" ಎಂದರು. ನ್ಯಾಯಾಧೀಶರು ಪುಸ್ತಕದ ಪುಟವನ್ನು ಇಬ್ಬರು ವಕೀಲರಿಗೂ ತೋರಿಸಿ, ತೀರ್ಪನ್ನು ಮುಂದೂಡಿದ್ದೇನೆ, ಸಾಕ್ಷಿಯನ್ನು ಹೊಸದಾಗಿ ಕೇಳುತ್ತೇನೆ ಎಂದರು. ಕೋರ್ಟಿನ ಹಿಂಭಾಗ ಕುದಿಯತೊಡಗಿತು.

ಬೆರಳಚ್ಚುಗಾರ ಅವಳ ಹೇಳಿಕೆಯನ್ನು ಸಹಿಗೆ ತಂದ. "ಓದಿ ಹೇಳ್ಲಾ ಅಕ್ಕಾ?"

"ನಾನೇ ಓದ್ಕೋತೀನಿ."

ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಗದ್ದಲದ ನಡುವೆ ಎಲ್ಲರೂ ಅವಳಿಗಾಗಿ ಕಾದರು. ಕೊನೆಯ ಸಾಲು: 'ಟೈಪು ಮಾಡುವಾಗ ತಪ್ಪು ಮಾಡಿದ್ದೆ.' ಎತ್ವ ಇತ್ತು. ಆದರೂ ಅವಳು ತಲೆಯೆತ್ತಿದಳು.

"ಸರ್, ಇಲ್ಲಿ 'ನಾನು' ಅಂತ ಸೇರಿಸ್ಬೇಕು."

"ಮಾಡಿದ್ದೆ ಅಂದ್ರೆ ನಾನು ಅಂತಾನೇ ಅಲ್ವೇನಮ್ಮ?" ಎಂದರು ನ್ಯಾಯಾಧೀಶರು.

"ಅಷ್ಟು ಸಾಲಲ್ಲ ಸರ್. ಸೇರಿಸೋಕೆ ಹೇಳಿ."

ಸೇರಿಸಿದರು. ಅವಳು ಸಹಿ ಹಾಕಿದಳು.

ಹೊರಗೆ ಈ ಸಲ ಯಾರೂ ದಾರಿ ಬಿಡಲಿಲ್ಲ. "ಎಷ್ಟಕ್ಕೆ ಮಾರ್ಕೊಂಡೆ?" ಎಂದು ಬಲಗಡೆಯಿಂದ ಯಾರೋ ಕೂಗಿದರು. "ಇಷ್ಟು ದಿನ ನಮ್ಮನ್ನ ಕಳ್ಳರು ಮಾಡಿದ್ಯಲ್ಲ!" ಎಂದು ಎಡಗಡೆಯಿಂದ. ಅವಳು ತಲೆ ತಗ್ಗಿಸಿ ನಡೆದಳು. ಪಕ್ಕದಲ್ಲೊಂದು ಕೊಡೆ ಬಿಚ್ಚಿಕೊಂಡಿತು, ಉರಿಬಿಸಿಲಿಗೆ. ಮೇಷ್ಟ್ರು. ಇಬ್ಬರೂ ಗೇಟಿನವರೆಗೆ ನಡೆದರು.

"ಮೇಷ್ಟ್ರೇ, ಎರಡು ತಿಂಗಳು ನಿಮ್ಮನ್ನ ಸುಳ್ಳುಗಾರ ಮಾಡ್ಬಿಟ್ಟೆ" ಎಂದಳು ಅವಳು. ಅಳು ತಡೆಯಲಾಗಲಿಲ್ಲ. ಆದರೂ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬಾಯಿಗೆ ಬಂದೇಬಿಟ್ಟಿತು. "ಅವತ್ತು ನೀವು ಒಂದ್ಸಲ ಓದಿದ್ರೆ ಆಗ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ಅಲ್ವಾ?"

"ಬಸ್ಸಾ?" ಮೇಷ್ಟ್ರು ನಿಂತರು. "ಬಸ್ಸು ಅರ್ಧ ಗಂಟೆಗೊಂದಿತ್ತಮ್ಮ. ನೀವು ಬರೆದದ್ದು ಅಂತ ಓದಲಿಲ್ಲ. ನಂಬಿದ್ದೆ."

ಅಷ್ಟು ಗದ್ದಲದಲ್ಲೂ ಆ ಕೊನೆಯ ಅಕ್ಷರ ಅವಳಿಗೆ ಸರಿಯಾಗಿ ಕೇಳಿಸಿತು.